ಶನಿಕಥೆಯಲ್ಲಿ ನಾವು ಮರೆತ ವರ

ಮಧುಗಿರಿಯಿಂದ ಮಿಡಿಗೇಶಿಯ ಮೇಲೆ ಪಾವಗಡಕ್ಕೆ ಸಾಗುವ ರಸ್ತೆಯಲ್ಲಿ ಶ್ರಾವಣ ಮಾಸದ ಶನಿವಾರಗಳಂದು ಬಸ್ಸುಗಳು ತುಂಬಿ ತುಳುಕುತ್ತವೆ. ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ನಮ್ಮ ನಾಡಿನವರಷ್ಟೇ ಅಲ್ಲ, ಗಡಿಯಾಚೆಯ ಆಂಧ್ರದ ತೆಲುಗು ಭಾಷಿಕರೂ ಹರಕೆ ಹೊತ್ತು ಬರುತ್ತಾರೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಈ ಒಣಸೀಮೆಯಲ್ಲಿ ಶನಿಯೆಂಬುದು ಪಂಚಾಂಗದ ಒಂದು ಪದ ಮಾತ್ರವಲ್ಲ. ಬೆಳೆ ಒಣಗಿದಾಗ, ಕೊಳವೆಬಾವಿ ಬತ್ತಿದಾಗ, ಮಗಳ ಮದುವೆಯ ಮಾತುಕತೆ ಮುರಿದುಬಿದ್ದಾಗ ಜನರ ನಾಲಿಗೆಗೆ ಮೊದಲು ಬರುವ ವಿವರಣೆ ಅದು: ಏಳೂವರೆ ವರ್ಷದ ಶನಿಕಾಟ.

ನೆರೆಯವರ ಭಕ್ತಿಯನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶವಲ್ಲ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿತು. ಇಲ್ಲಿರುವ ಪ್ರಶ್ನೆ ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಪಕ್ಕದ ಕ್ಯಾಲೆಂಡರಿನಲ್ಲಿ ರಾಹುಕಾಲದ ಪಟ್ಟಿ. ತಾಯಿಯ ಕೈಯಲ್ಲಿ ಜಪಸರ, ಮಗನ ಕೈಯ ಮೊಬೈಲಿನಲ್ಲಿ ಮಂತ್ರದಂಡ ಹಿಡಿದ ಯೋಧರ ಆಟ. ಇವೆಲ್ಲ ಒಂದೇ ಸೂರಿನಡಿ ಇವೆ. ಕಥೆ, ಆಟ, ಸಂಗೀತ ಈ ಮೂರು ದಾರಿಗಳಿಂದ ಒಂದೇ ಪ್ರಶ್ನೆ ನಮ್ಮ ಮನೆಯೊಳಕ್ಕೆ ಬರುತ್ತದೆ: ನನ್ನ ಬದುಕು ಎಲ್ಲೋ ಮೊದಲೇ ಬರೆದಿಟ್ಟದ್ದೇ, ಅಥವಾ ನಾನು ಹೊಣೆ ಹೊತ್ತು ಬಾಳಬೇಕಾದದ್ದೇ? ಈ ಕೃತಿಗಳು ಆ ಪ್ರಶ್ನೆಗೆ ಏನು ಹೇಳುತ್ತವೆ, ನಾವು ಅವುಗಳಿಂದ ಏನನ್ನು ತೆಗೆದುಕೊಳ್ಳುತ್ತೇವೆ ಎಂಬುದನ್ನು ವಿಮರ್ಶಿಸುವುದು ಅಗತ್ಯವಾಗಿದೆ.

ವಿಕ್ರಮರಾಜನ ಕಥೆ

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಶನಿದೇವರ ಕಥೆಯನ್ನು ಇಡೀ ರಾತ್ರಿ ನಡೆಸುವ ರೂಢಿಯಿದೆ. ಹಾರ್ಮೋನಿಯಂ, ತಬಲಗಳ ಜೊತೆಯಲ್ಲಿ ಒಬ್ಬರು ಪದ್ಯ ಹಾಡುತ್ತಾರೆ, ಮತ್ತೊಬ್ಬರು ಅರ್ಥ ಬಿಡಿಸುತ್ತಾರೆ. ನಾಟಕವಾಗಿಯೂ ಅದು ಜನಪ್ರಿಯ. ಕೆಂಪರಾಜ ಅರಸು ಅವರು 1950ರಲ್ಲಿ 'ರಾಜಾ ವಿಕ್ರಮ' ಎಂಬ ಹೆಸರಿನಲ್ಲಿ ಅದನ್ನು ಬೆಳ್ಳಿತೆರೆಗೂ ತಂದರು. ಮರಾಠಿಯಲ್ಲಿಯೂ ಈ ಕಥೆ ಮನೆಮಾತು.

ಕಥೆಯ ಸಾರ ಇಷ್ಟು. ಒಂಬತ್ತು ಗ್ರಹಗಳಲ್ಲಿ ಯಾರು ಹೆಚ್ಚು ಎಂಬ ಚರ್ಚೆ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನಡೆಯುತ್ತದೆ. ಶನಿಯ ವರ್ಣನೆ ಬಂದಾಗ ರಾಜ ಹಗುರವಾಗಿ ನಗುತ್ತಾನೆ. ಆ ನಗೆಗೆ ಶಿಕ್ಷೆಯಾಗಿ ಏಳೂವರೆ ವರ್ಷದ ಕಷ್ಟ ಆರಂಭವಾಗುತ್ತದೆ. ವ್ಯಾಪಾರಿಯೊಬ್ಬ ತಂದ ಮಾಯಾಕುದುರೆ ರಾಜನನ್ನು ಹೊತ್ತೊಯ್ದು ಕಾಡಿನಲ್ಲಿ ಬಿಟ್ಟು ಮರೆಯಾಗುತ್ತದೆ. ಪರಊರಿನ ವರ್ತಕನೊಬ್ಬನ ಮನೆಯಲ್ಲಿ, ಗೋಡೆಯ ಮೇಲೆ ಬರೆದ ಹಕ್ಕಿಯ ಚಿತ್ರ ರಾಜನ ಕಣ್ಣೆದುರಿನಲ್ಲಿಯೇ ರತ್ನದ ಹಾರವನ್ನು ನುಂಗುತ್ತದೆ. ಚಿತ್ರ ನುಂಗಿತೆಂದರೆ ಯಾರು ನಂಬುತ್ತಾರೆ? ಕಳ್ಳನೆಂಬ ಆರೋಪ ಹೊತ್ತು ರಾಜ ಕೈಕಾಲುಗಳನ್ನು ಕಳೆದುಕೊಳ್ಳುತ್ತಾನೆ. ಆಗ ಗಾಣಿಗನೊಬ್ಬ ಅವನನ್ನು ಕರೆದೊಯ್ದು ಗಾಣದ ಮೇಲೆ ಕೂರಿಸಿ, ಎತ್ತು ಹೊಡೆಯುವ ಕೆಲಸ ಕೊಡುತ್ತಾನೆ. ಒಂದು ಸಂಜೆ ವಿಕ್ರಮ ಗಾಣದ ಮೇಲೆ ಕುಳಿತು ದೀಪಕ ರಾಗವನ್ನು ಹಾಡುತ್ತಾನೆ. ನಗರದ ದೀಪಗಳೆಲ್ಲ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ರಾಜಕುಮಾರಿ ಹಾಡಿದವನನ್ನು ಹುಡುಕಿಸಿ ಅವನನ್ನೇ ವರಿಸುತ್ತಾಳೆ. ಕೊನೆಗೆ ಶನಿ ಪ್ರತ್ಯಕ್ಷನಾಗಿ, ಕಳೆದ ಅಂಗಾಂಗಗಳನ್ನು ಮರಳಿಸಿ, ಬೇಕಾದ ವರ ಕೇಳು ಎನ್ನುತ್ತಾನೆ. ರಾಜ್ಯವನ್ನಾಗಲಿ ಆಯುಷ್ಯವನ್ನಾಗಲಿ ರಾಜ ಕೇಳುವುದಿಲ್ಲ. ನನಗೆ ಕೊಟ್ಟ ಈ ಕಷ್ಟವನ್ನು ಬೇರೆ ಯಾರಿಗೂ ಕೊಡಬೇಡ ಎಂದು ಬೇಡುತ್ತಾನೆ.

ಸಾಹಿತ್ಯಕೃತಿಯಾಗಿ ಈ ಕಥೆಯನ್ನು ಎದುರಿಗಿಟ್ಟುಕೊಂಡರೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ಅಪರಾಧಕ್ಕೂ ಶಿಕ್ಷೆಗೂ ಇರುವ ಅಗಾಧ ಅಂತರ. ಒಂದು ನಗೆಗೆ ಕೈಕಾಲು ತೆರುವುದು ನ್ಯಾಯವೇ? ಕಥೆ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ರಾಜ ಕೇಳುವ ವರವೇ ಅದಕ್ಕೆ ಮೃದುವಾದ ಪ್ರತಿಭಟನೆ. ಎರಡನೆಯದು, ಗಾಣಿಗನ ನಡತೆ. ಊರೆಲ್ಲ ಕಳ್ಳನೆಂದು ಕೈಬಿಟ್ಟವನನ್ನು ಮನೆಗೆ ಕರೆತರುವ ಮುನ್ನ ಅವನು ಯಾರ ಜಾತಕವನ್ನೂ ನೋಡಲಿಲ್ಲ. ಬಿದ್ದವನಿಗೆ ಕೆಟ್ಟ ಕಾಲವಿದ್ದರೆ ಅದು ನನಗೂ ತಗಲೀತು ಎಂದು ಹಿಂಜರಿಯಲಿಲ್ಲ. ಮೂರನೆಯದು, ರಾಗದ ಪ್ರಸಂಗ. ರಾಜ ಹಾಡಿದ್ದು ಕಷ್ಟ ತೀರಿದ ಮೇಲಲ್ಲ, ಕಷ್ಟದ ನಡುವೆ. ಬೆಳಗಿದ್ದು ಬೇರೆಯವರ ಮನೆಯ ದೀಪಗಳು.

ಹೀಗೆ ಕಥೆಯ ತಿರುಳಿರುವುದು ಕರುಣೆಯಲ್ಲಿ. ಆದರೆ ಕೇಳಿದವರು ಮನೆಗೆ ಒಯ್ಯುವುದು ಹೆಚ್ಚಾಗಿ ಭಯವನ್ನು. ಬೆಳಗಿನ ಜಾವ ಕಥೆ ವರದ ಘಟ್ಟಕ್ಕೆ ಬರುವ ಹೊತ್ತಿಗೆ ಅರ್ಧ ಸಭೆ ತೂಕಡಿಸುತ್ತಿರುತ್ತದೆ. ಕಿವಿಯಲ್ಲಿ ಉಳಿಯುವುದು ನಡುರಾತ್ರಿಯ ಕೈಕಾಲು ಕಡಿಯುವ ಪ್ರಸಂಗ. ಬಳಿಕ ಬರುವ ಫಲಶ್ರುತಿ, ಕಥೆ ಕೇಳಿದವರಿಗೆ ಕಷ್ಟವಿಲ್ಲವೆಂದು ಭರವಸೆ ನೀಡಿ ಇಡೀ ಕಥೆಯನ್ನು ಒಂದು ವ್ಯವಹಾರವಾಗಿ ಮಾರ್ಪಡಿಸುತ್ತದೆ. ಎಲ್ಲರ ಕಷ್ಟ ನೀಗಲಿ ಎಂದು ರಾಜ ಬೇಡಿದ. ನನ್ನದೊಂದು ನೀಗಿದರೆ ಸಾಕು ಎಂದು ಕೇಳುಗ ಎದ್ದು ಹೋಗುತ್ತಾನೆ.

ಬೈಬಲ್ ಬಲ್ಲವರಿಗೆ ಇಲ್ಲಿ ಯೋಬನ ನೆನಪಾಗುವುದು ಸಹಜ. ಅವನೂ ಐಶ್ವರ್ಯ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನು. ಅವನ ಗೆಳೆಯರು ಕಷ್ಟಕ್ಕೆ ಕಾರಣವೊಂದಿರಲೇಬೇಕೆಂದು ವಾದಿಸಿ ಅವನನ್ನು ಇನ್ನಷ್ಟು ನೋಯಿಸುತ್ತಾರೆ. ದೇವರು ಆ ಗೆಳೆಯರ ವಾದವನ್ನು ಒಪ್ಪುವುದಿಲ್ಲ; ಇಂಥ ಪಾಪಕ್ಕೆ ಇಂಥ ನೋವು ಎಂಬ ದರಪಟ್ಟಿಯನ್ನು ಆ ಗ್ರಂಥ ಕೊಡುವುದೇ ಇಲ್ಲ. ಕೊನೆಯಲ್ಲಿ ಯೋಬನು ತನ್ನನ್ನು ನೋಯಿಸಿದ ಗೆಳೆಯರಿಗಾಗಿಯೇ ಪ್ರಾರ್ಥಿಸುತ್ತಾನೆ. ವಿಕ್ರಮನ ವರಕ್ಕೂ ಯೋಬನ ಪ್ರಾರ್ಥನೆಗೂ ಇರುವ ಹತ್ತಿರದ ನಂಟನ್ನು ಗುರುತಿಸಬೇಕು. ನಡುವಿನ ವ್ಯತ್ಯಾಸವನ್ನೂ ಮರೆಯಬಾರದು: ಒಂದು ಕಥೆಯಲ್ಲಿ ನೋವು ಗ್ರಹದ ಮುನಿಸು, ಮತ್ತೊಂದರಲ್ಲಿ ಅದು ದೇವರ ಎದುರು ನಿಂತು ಕೇಳಬಹುದಾದ ಪ್ರಶ್ನೆ.

ಪಗಡೆಯ ಹಾಸಿನಿಂದ ಮೊಬೈಲಿನ ತನಕ

ಆಟಗಳಲ್ಲಿ ಅಲೌಕಿಕ ಕಲ್ಪನೆಗಳು ಬೆರೆತಿರುವುದು ಇಂದಿನ ಹೊಸ ಪಿಡುಗೆಂದು ಅನೇಕ ತಂದೆತಾಯಂದಿರು ಭಾವಿಸಿದ್ದಾರೆ. ಅದು ನಿಜವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ದೊರೆ. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಚಿತ್ರಸಹಿತ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಅವುಗಳಲ್ಲೊಂದು ಗ್ರಹನಿಧಿ, ಕೊನೆಯದು ಕೌತುಕನಿಧಿ, ಅದರಲ್ಲಿ ಆಟಗಳಿಗೂ ಸ್ಥಾನವಿದೆ. ಗ್ರಹವೂ ಆಟವೂ ಒಂದೇ ಗ್ರಂಥದ ಎರಡು ಭಾಗಗಳು. ದೇವತೆಗಳನ್ನು ಚಿತ್ರಿಸಿದ ಗಂಜೀಫಾ ಎಲೆಗಳಲ್ಲಿ ನವಗ್ರಹಗಳ ಹೆಸರಿನವೂ ಇದ್ದವು.

ನಮ್ಮ ಅಜ್ಜಿಯರು ಬಲ್ಲ ಪರಮಪದ ಸೋಪಾನ ಪಟ ಇನ್ನೂ ಹೆಚ್ಚು ಪರಿಚಿತ. ಪಾವಗಡದ ಕಡೆಯ ತೆಲುಗು ಮನೆಗಳಲ್ಲಿ ಅದಕ್ಕೆ ವೈಕುಂಠಪಾಳಿ ಎಂದು ಹೆಸರು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುವ ರೂಢಿಯಿದ್ದ ಈ ಆಟದಲ್ಲಿ ಸದ್ಗುಣದ ಮನೆಯಿಂದ ಏಣಿ ಮೇಲಕ್ಕೆ, ದುರ್ಗುಣದ ಮನೆಯಿಂದ ಹಾವು ಕೆಳಕ್ಕೆ. ತುದಿಯಲ್ಲಿ ಪರಮಪದ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇದು ಇಂಗ್ಲೆಂಡಿಗೆ ಹೋಗಿ, ಕ್ರಮೇಣ ಗುಣಾವಗುಣಗಳ ಹೆಸರುಗಳನ್ನು ಕಳಚಿಕೊಂಡು ಬರಿಯ ಹಾವು ಏಣಿ ಆಟವಾಯಿತು.

ಈ ಪಟದಲ್ಲಿ ಒಂದು ಒಳವಿರೋಧವಿದೆ. ಚಿತ್ರ ಹೇಳುವುದು ನಡತೆಯ ಪಾಠ. ಕಾಯಿಯನ್ನು ನಡೆಸುವುದು ದಾಳದ ಅಥವಾ ಕವಡೆಯ ಅದೃಷ್ಟ. ದಾನದ ಮನೆಗೆ ಬಂದವನು ದಾನ ಮಾಡಿ ಬಂದವನಲ್ಲ, ಗರ ಬಿದ್ದು ಬಂದವನು. ಹಾಗಿದ್ದೂ ಆ ಆಟಕ್ಕೆ ಒಂದು ದೊಡ್ಡತನವಿತ್ತು. ತುದಿಯ ಬಳಿ ಹಾವಿನ ಬಾಯಿಗೆ ಬಿದ್ದವನೂ ಆಟದಿಂದ ಹೊರಬೀಳುತ್ತಿರಲಿಲ್ಲ. ಕೆಳಗಿನಿಂದ ಮತ್ತೆ ಹತ್ತಬಹುದಿತ್ತು. ಅಜ್ಜಿ ಪಕ್ಕದಲ್ಲಿ ಕುಳಿತು ಪ್ರತಿಯೊಂದು ಮನೆಯ ಹೆಸರನ್ನು ಹೇಳಿ ಕಥೆ ಬಿಡಿಸುತ್ತಿದ್ದಳು. ಆಡುವುದಕ್ಕೆ ಹಣ ಬೇಕಿರಲಿಲ್ಲ.

ಇದರ ಪಕ್ಕದಲ್ಲಿ ನಮ್ಮ ಮಕ್ಕಳು ಬಲ್ಲ 'ಗೆನ್‌ಶಿನ್ ಇಂಪ್ಯಾಕ್ಟ್' ಎಂಬ ಆಟವನ್ನು ಇಟ್ಟು ನೋಡೋಣ. ಚೀನಾದ ಕಂಪನಿಯೊಂದು 2020ರಲ್ಲಿ ಬಿಡುಗಡೆ ಮಾಡಿದ ಈ ಕಲ್ಪನಾಲೋಕದ ಆಟ ಚಿತ್ರಕಲೆಯಲ್ಲಿಯೂ ಸಂಗೀತದಲ್ಲಿಯೂ ಮೇಲ್ಮಟ್ಟದ್ದೆಂಬುದನ್ನು ಒಪ್ಪಲೇಬೇಕು. ಅದರ ಸಂಗೀತದ ಒಂದು ಭಾಗವನ್ನು ನುಡಿಸಿದ್ದು ಲಂಡನ್ ಫಿಲ್ಹಾರ್ಮೋನಿಕ್ ವಾದ್ಯವೃಂದ. ಅಲ್ಲಿಯ ಪ್ರತಿಯೊಬ್ಬ ವೀರನಿಗೂ ಒಂದೊಂದು ನಕ್ಷತ್ರಪುಂಜವಿದೆ. ಹೊಸ ವೀರನನ್ನು ಪಡೆಯಲು ಆಟಗಾರ ಒಂದು 'ಹಾರೈಕೆ' ಸಲ್ಲಿಸಬೇಕು. ಆಗ ಪರದೆಯ ಆಕಾಶದಲ್ಲಿ ಉಲ್ಕೆಯೊಂದು ಜಾರುತ್ತದೆ. ಅದು ಹೊಂಬಣ್ಣಕ್ಕೆ ತಿರುಗಿದರೆ ಅಪರೂಪದ ಐದು ನಕ್ಷತ್ರದ ಬಹುಮಾನ. ಕಂಪನಿಯೇ ಪ್ರಕಟಿಸಿರುವಂತೆ ಒಂದು ಹಾರೈಕೆಗೆ ಅಂಥ ಬಹುಮಾನ ಸಿಗುವ ಮೂಲ ಸಾಧ್ಯತೆ ಶೇಕಡಾ 0.6, ಅಂದರೆ ಸಾವಿರಕ್ಕೆ ಆರು. 90 ಹಾರೈಕೆಗಳೊಳಗೆ ಒಂದು ಖಚಿತ. ಅದೇ ವೀರ ಮತ್ತೆ ಮತ್ತೆ ದೊರೆತರೆ ಮಾತ್ರ ಅವನ ಪುಂಜದ ಒಂದೊಂದು ನಕ್ಷತ್ರ ತೆರೆದುಕೊಳ್ಳುತ್ತದೆ. ಹಾರೈಕೆಗಳನ್ನು ಆಡಿ ಸಂಪಾದಿಸಬಹುದು, ಹಣ ಕೊಟ್ಟೂ ಕೊಳ್ಳಬಹುದು.

ಇಲ್ಲಿ ಆತಂಕದ ವಿಷಯ ಮಂತ್ರವಾದಿಗಳ ಚಿತ್ರವಲ್ಲ. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಸೈತಾನನ ಆರಾಧನೆಯೆಂದು 1980ರ ದಶಕದಲ್ಲಿ ಅಲ್ಲಿಯ ಹಲವು ಕ್ರೈಸ್ತರು ಹುಯಿಲೆಬ್ಬಿಸಿದರು. ಆ ಗುಲ್ಲಿಗೆ ಆಧಾರವಿರಲಿಲ್ಲ. ಭಯವೇ ಅಲ್ಲಿ ಮೂಢನಂಬಿಕೆಯಾಗಿತ್ತು. ಅಂಥ ಆಟಗಳಿಗೆ ಬಹಳಷ್ಟು ಸಾಮಗ್ರಿ ಒದಗಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಕರ್ತೃ ಜೆ. ಆರ್. ಆರ್. ಟೋಲ್ಕಿನ್ ಶ್ರದ್ಧಾವಂತ ಕಥೋಲಿಕರು. ಕಲ್ಪನೆ ದೇವರು ಮನುಷ್ಯನಿಗೆ ಕೊಟ್ಟ ಶಕ್ತಿ. ಅದನ್ನು ಶಂಕಿಸುವ ಅಗತ್ಯವಿಲ್ಲ. ಶಂಕಿಸಬೇಕಾದದ್ದು ಹಾರೈಕೆಯೆಂಬ ಮಾತನ್ನು. ಹಾರೈಸುವುದೆಂದರೆ ಕನ್ನಡದಲ್ಲಿ ಇನ್ನೊಬ್ಬರ ಒಳಿತನ್ನು ಬಯಸುವುದು. ಆ ಮಾತಿನ ಮೇಲೆ ಬೆಲೆಯ ಚೀಟಿ ಅಂಟಿಸಿ, ಬೀಳುವ ನಕ್ಷತ್ರವನ್ನು ಲಾಟರಿಯ ಚಕ್ರವನ್ನಾಗಿಸಿದರೆ ಮಗುವಿನ ಮನಸ್ಸಿನಲ್ಲಿ ಪ್ರಾರ್ಥನೆಯ ಅರ್ಥವೇ ಕೆಡುತ್ತದೆ. ಇನ್ನೊಂದು ಸಲ, ಇನ್ನೊಂದೇ ಸಲ ಎಂಬ ಆ ಹಪಾಹಪಿಗೂ, ಈ ಶಾಂತಿ ಫಲಿಸದಿದ್ದರೆ ಇನ್ನೊಂದು ಶಾಂತಿ ಎಂದು ಸಾಲ ಮಾಡುವ ತಂದೆಯ ಹಪಾಹಪಿಗೂ ಹೆಚ್ಚು ಅಂತರವಿಲ್ಲ.

ಗ್ರಹಗಳಿಗೆ ಹಾಡಿದ ರಾಗಗಳು

ಸಂಗೀತದ ಮಾತು ಇನ್ನೂ ಸೂಕ್ಷ್ಮವಾದದ್ದು. ಮುತ್ತುಸ್ವಾಮಿ ದೀಕ್ಷಿತರು (1775–1835) ಸೂರ್ಯನಿಂದ ಶನಿಯವರೆಗಿನ ಏಳು ಗ್ರಹಗಳ ಮೇಲೆ ಏಳು ಕೃತಿಗಳನ್ನು, ಏಳು ಬೇರೆ ಬೇರೆ ತಾಳಗಳಲ್ಲಿ ರಚಿಸಿದರು. ರಾಹು ಕೇತುಗಳ ಕೃತಿಗಳು ಅನಂತರ ಸೇರಿದವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹೊಟ್ಟೆನೋವಿನಿಂದ ನರಳುತ್ತಿದ್ದ ಶಿಷ್ಯ ತಂಬಿಯಪ್ಪನಿಗೆ ಗುರುಗ್ರಹದ ದೋಷವಿದೆಯೆಂದು ಕಂಡು, ಅವನಿಗಾಗಿ ಅಠಾಣ ರಾಗದಲ್ಲಿ ಬೃಹಸ್ಪತಿಯ ಕೃತಿ ರಚಿಸಿದರೆಂಬುದು ಪರಂಪರೆಯ ಕಥೆ. ಆ ಕಥೆಯಲ್ಲಿ ಗ್ರಹಕ್ಕಿಂತ ಮಿಗಿಲಾಗಿ ನನಗೆ ಕಾಣುವುದು ಗುರುವಿನ ಹೃದಯ. ಶಿಷ್ಯನ ನೋವಿಗೆ ಆತ ನೀಡಿದ್ದು ತನ್ನ ವಿದ್ಯೆಯನ್ನು. ಶನಿಯ ಕೃತಿಗೆ ಅವರು ಆರಿಸಿಕೊಂಡ ಯದುಕುಲಕಾಂಭೋಜಿ ಹೆದರಿಸುವ ರಾಗವಲ್ಲ. ನಿಧಾನವಾದ, ಸಾಂತ್ವನದ ರಾಗ. ಜನರು ನಡುಗುವ ಗ್ರಹವನ್ನು ಸಂಗೀತಗಾರ ನೆಮ್ಮದಿಯ ದನಿಯಲ್ಲಿ ಹಾಡಿದರು.

ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳನ್ನು 12 ಚಕ್ರಗಳಾಗಿ ವಿಂಗಡಿಸಿದ್ದಾರೆ. ಮೊದಲ ಚಕ್ರದ ಹೆಸರು ಇಂದು, ಎರಡನೆಯದು ನೇತ್ರ, ಹನ್ನೆರಡನೆಯದು ಆದಿತ್ಯ. ಏಕೆಂದರೆ ಚಂದ್ರನೊಬ್ಬ, ಕಣ್ಣು ಎರಡು, ಆದಿತ್ಯರು ಹನ್ನೆರಡು. ಇಲ್ಲಿ ಸೂರ್ಯಚಂದ್ರರು ಯಾರ ಹಣೆಬರಹವನ್ನೂ ಬರೆಯುವುದಿಲ್ಲ. ಎಣಿಕೆಗೆ ನೆರವಾಗುವ ಗುರುತುಗಳಷ್ಟೇ. ಯೂರೋಪಿನಲ್ಲಿಯೂ ಹೀಗೆಯೇ ಎರಡು ಧಾರೆಗಳಿದ್ದವು. ಗ್ರಹಗಳ ಚಲನೆಯಲ್ಲಿ ಸ್ವರಮೇಳವಿದೆಯೆಂದು ಪೈಥಾಗೊರಸನ ಅನುಯಾಯಿಗಳು ನಂಬಿದರು. 1619ರಲ್ಲಿ ಯೋಹಾನ್ನೆಸ್ ಕೆಪ್ಲರ್ ತನ್ನ ಗ್ರಂಥದಲ್ಲಿ ಪ್ರತಿ ಗ್ರಹದ ವೇಗಕ್ಕೆ ತಕ್ಕ ಸ್ವರಗಳನ್ನು ಬರೆದ. ಆ ಹುಡುಕಾಟದ ನಡುವೆಯೇ ಗ್ರಹಚಲನೆಯ ಮೂರನೆಯ ನಿಯಮ ಅವನಿಗೆ ಹೊಳೆಯಿತು. ಹೊಟ್ಟೆಪಾಡಿಗೆ ಜಾತಕ ಬರೆದವನೂ ಅವನೇ. ಸೃಷ್ಟಿಯ ಮುಂದೆ ಬೆರಗಾಗಿ ನಿಂತಾಗ ಅವನಿಗೆ ವಿಜ್ಞಾನ ಒಲಿಯಿತು. ಸೇನಾಪತಿಯ ಭವಿಷ್ಯ ಗುಣಿಸಿದಾಗ ಕಾಸು ಸಿಕ್ಕಿತು.

ಬೆರಗು ಮತ್ತು ಭಯ: ಆಕಾಶವನ್ನು ನೋಡುವ ಈ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದೇ ವಿವೇಕ. ಯೋಬನ ಗ್ರಂಥದಲ್ಲಿ ಸೃಷ್ಟಿಯ ಮುಂಜಾವಿನಲ್ಲಿ ನಕ್ಷತ್ರಗಳು ಹಾಡುವ ಚಿತ್ರವಿದೆ. ಆದಿಕಾಂಡದ ಮೊದಲ ಅಧ್ಯಾಯ ಸೂರ್ಯಚಂದ್ರರನ್ನು ಅವರ ಹೆಸರಿನಿಂದಲೂ ಕರೆಯದೆ ದೊಡ್ಡ ಬೆಳಕು, ಚಿಕ್ಕ ಬೆಳಕು ಎನ್ನುತ್ತದೆ. ಸುತ್ತಲಿನ ಸಾಮ್ರಾಜ್ಯಗಳು ಅವುಗಳನ್ನು ಒಡೆಯರೆಂದು ಪೂಜಿಸುತ್ತಿದ್ದ ಲೋಕದಲ್ಲಿ, ಅವು ಮನುಷ್ಯನಿಗಾಗಿ ತೂಗುಹಾಕಿದ ದೀಪಗಳೆಂದು ಹೇಳುವುದು ಧೈರ್ಯದ ಮಾತಾಗಿತ್ತು.

ಜೋಯಿಸರು ಕಂಡ ಕೂಸು

ಸಂತ ಅಗಸ್ಟೀನರು ಯೌವನದಲ್ಲಿ ಜ್ಯೋತಿಷ್ಯದ ಗೀಳು ಹಿಡಿದವರು. ಅದರಿಂದ ಅವರನ್ನು ಬಿಡಿಸಿದ ಸಂಗತಿಯನ್ನು ತಮ್ಮ ಆತ್ಮನಿವೇದನೆಯ ಏಳನೆಯ ಪುಸ್ತಕದಲ್ಲಿ ಹೇಳಿದ್ದಾರೆ. ಫಿರ್ಮಿನಸ್ ಎಂಬ ಗೆಳೆಯ ಸಿರಿವಂತರ ಮನೆಯಲ್ಲಿ ಹುಟ್ಟಿದ ಗಳಿಗೆಯಲ್ಲಿಯೇ, ತಂದೆಯ ಮಿತ್ರನ ಮನೆಯ ದಾಸಿಗೂ ಒಂದು ಮಗು ಹುಟ್ಟಿತು. ಇಬ್ಬರ ಜಾತಕವೂ ಒಂದೇ. ಫಿರ್ಮಿನಸ್ ಸುಖಸಂಪತ್ತಿನಲ್ಲಿ ಬೆಳೆದ. ದಾಸಿಯ ಮಗ ದಾಸನಾಗಿಯೇ ಉಳಿದ. ಆ ಕೂಸಿನ ಗತಿಯನ್ನು ನಿರ್ಣಯಿಸಿದ್ದು ನಕ್ಷತ್ರವಲ್ಲ, ಮನುಷ್ಯರು ಕಟ್ಟಿದ ದಾಸ್ಯ. ಈ ಮಾತು ನಮಗೆ ಬಹಳ ಹತ್ತಿರದ್ದು. ಬಡವನ ಬಡತನಕ್ಕೆ ಶನಿಯನ್ನು ಹೊಣೆಯಾಗಿಸಿದಾಗ ಬಡ್ಡಿಯವನೂ ಕಡಿಮೆ ಕೂಲಿ ಕೊಟ್ಟವನೂ ಸದ್ದಿಲ್ಲದೆ ಪಾರಾಗುತ್ತಾರೆ.

ನಮ್ಮ ನಾಡಿಗೂ ಈ ಅರಿವು ಹೊಸದಲ್ಲ. ನಮ್ಮವರು ಕೇಳಿದ ಗಳಿಗೆಯೇ ಶುಭಲಗ್ನವೆಂದು 12ನೆಯ ಶತಮಾನದಲ್ಲಿ ಬಸವಣ್ಣನವರು ತಿಳಿಹೇಳಿದರು. ಮಧುಗಿರಿಗೆ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿಯನ್ನೇ ರಚಿಸಿದರು.

ಕನ್ನಡ ಬೈಬಲಿನಲ್ಲಿ ಮೂಡಣ ದೇಶದ ಪಂಡಿತರನ್ನು ಜೋಯಿಸರೆಂದೂ ಜ್ಯೋತಿಷಿಗಳೆಂದೂ ಕರೆದಿರುವುದನ್ನು ಗಮನಿಸಬೇಕು. ಅವರನ್ನು ದೇವರು ಬೈದು ಹಿಂದಕ್ಕೆ ಕಳುಹಿಸಲಿಲ್ಲ. ಅವರು ಬಲ್ಲ ನಕ್ಷತ್ರದಿಂದಲೇ ಅವರನ್ನು ಕರೆದರು. ಆದರೆ ಆ ನಕ್ಷತ್ರ ನಿಂತದ್ದು ಒಂದು ಕೂಸಿನ ಮೇಲೆ. ಅಲ್ಲಿಂದ ಅವರು ಬೇರೆ ದಾರಿ ಹಿಡಿದು ಊರಿಗೆ ಮರಳಿದರು. ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಭರವಸೆಯನ್ನು ಕುರಿತ ತಮ್ಮ 2007ರ ವಿಶ್ವಪತ್ರದಲ್ಲಿ ಸಂತ ಗ್ರೆಗರಿ ನಾಸಿಯಾನ್ಸಸರ ವಿಚಾರವನ್ನು ನೆನೆದು, ಜೋಯಿಸರು ಕ್ರಿಸ್ತನಿಗೆ ಅಡ್ಡಬಿದ್ದ ಗಳಿಗೆಯಲ್ಲಿ ಜ್ಯೋತಿಷ್ಯದ ಕಾಲ ಮುಗಿಯಿತೆಂದು ವಿವರಿಸಿದ್ದಾರೆ. ಲೋಕವನ್ನು ಆಳುವುದು ಜಡವಾದ ಗ್ರಹಬಲವಲ್ಲ, ನಮ್ಮನ್ನು ಬಲ್ಲ ಒಬ್ಬ ತಂದೆಯ ಪ್ರೀತಿ ಎಂಬುದೇ ಅದರ ತಾತ್ಪರ್ಯ. ಧರ್ಮಸಭೆಯ ಧರ್ಮೋಪದೇಶ ಗ್ರಂಥ (2116) ಜಾತಕ, ಜ್ಯೋತಿಷ್ಯಗಳನ್ನು ತೊರೆಯಲು ಹೇಳುವುದೂ ಈ ಕಾರಣದಿಂದಲೇ.

ಇದು ತತ್ತ್ವಚರ್ಚೆಯ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಪಿಸುದನಿಯಲ್ಲಿ ಸುಳಿದಾಡುತ್ತದೆ. ತಾನು ಮಾಡದ ತಪ್ಪಿಗೆ, ಹುಟ್ಟಿದ ಗಳಿಗೆಯ ದೆಸೆಯಿಂದ, ವಿದ್ಯಾವಂತೆಯೂ ಗುಣವಂತೆಯೂ ಆದ ಹುಡುಗಿಯೊಬ್ಬಳು ಸಂಬಂಧದ ಮೇಲೆ ಸಂಬಂಧ ಕಳೆದುಕೊಳ್ಳುತ್ತಾಳೆ. ಜ್ಞಾನಸ್ನಾನದ ದಿನ ಆ ಮಗುವಿಗೆ ದೇವರ ಮಗಳೆಂಬ ಹೆಸರು ಕೊಟ್ಟವರೇ ನಾವು. ಇಪ್ಪತ್ತೈದು ವರ್ಷಗಳ ಬಳಿಕ ನಕ್ಷತ್ರದ ಹೆಸರಿನಿಂದ ಅವಳನ್ನು ಬೇಡವೆನ್ನುವವರೂ ನಾವೇ. ತಪಸ್ಸುಕಾಲದಲ್ಲಿ ನಾವೂ ಮದುವೆ ಇಟ್ಟುಕೊಳ್ಳುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಪಶ್ಚಾತ್ತಾಪದ ಕಾಲವೆಂಬ ಗೌರವದಿಂದ ಪಾಲಿಸುವ ಸಂಯಮ; ಆ ದಿನಗಳಲ್ಲಿ ಕೆಡುಕಿದೆಯೆಂಬ ಅಂಜಿಕೆಯಿಂದಲ್ಲ.

ಹಾಗಾದರೆ ಈ ಕಥೆ, ಆಟ, ರಾಗಗಳನ್ನು ಮನೆಯಿಂದ ಆಚೆ ಹಾಕಬೇಕೆ? ಖಂಡಿತ ಬೇಡ. ಒಂದು ಅಳತೆಗೋಲು ಇಟ್ಟುಕೊಂಡರೆ ಸಾಕು. ಈ ಕೃತಿ ನನ್ನನ್ನು ಇನ್ನೊಬ್ಬರ ನೋವಿನ ಕಡೆಗೆ ತಿರುಗಿಸುತ್ತದೆಯೇ, ಅಥವಾ ನನ್ನ ಅದೃಷ್ಟದ ಲೆಕ್ಕದಲ್ಲಿಯೇ ಕಟ್ಟಿಹಾಕುತ್ತದೆಯೇ? ಮಗ ಆಡುವ ಆಟದ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಆ ಉಲ್ಕೆ ಏನು, ಅದಕ್ಕೆ ಕೊಟ್ಟದ್ದೆಷ್ಟು ಎಂದು ಕೋಪವಿಲ್ಲದೆ ಕೇಳಿರಿ. ಬೇಸಿಗೆಯ ರಜೆಯಲ್ಲಿ ಹಳೆಯ ಪಟವನ್ನು ಹಾಸಿ, ಹಾವಿನ ಬಾಯಿಗೆ ಬಿದ್ದವರೂ ಮತ್ತೆ ಹತ್ತಬಹುದೆಂದು ಮಕ್ಕಳಿಗೆ ತೋರಿಸಿರಿ. ಯದುಕುಲಕಾಂಭೋಜಿಯನ್ನು ಕೇಳಿರಿ. ಹೆಣ್ಣು ನೋಡಲು ಹೋದಾಗ ಹುಟ್ಟಿದ ಗಳಿಗೆಯನ್ನು ಕೇಳಬೇಡಿರಿ. ಊರಿನಲ್ಲಿ ಶನಿಕಥೆ ನಡೆದು ನೆರೆಯವರು ಕರೆದರೆ, ಬೆಳಗಿನ ಜಾವದವರೆಗೆ ಎಚ್ಚರವಾಗಿದ್ದು ವಿಕ್ರಮರಾಜ ಕೇಳಿದ ವರವನ್ನು ಕೇಳಿಸಿಕೊಂಡು ಬನ್ನಿರಿ. ತನಗೆ ಬಂದ ನೋವು ಇನ್ನೊಬ್ಬರಿಗೆ ಬಾರದಿರಲಿ ಎಂದು ಬೇಡುವವನ ಬಾಯಲ್ಲಿ ಶುಭಸಂದೇಶದ ದನಿಯನ್ನು ಗುರುತಿಸುವುದು ಕ್ರೈಸ್ತನಿಗೆ ಕಷ್ಟವಾಗಬಾರದು.